ಹೊಸ್ತಿಲ ಮೇಲಿನ ವಯರು

ಯೋಗೀಶ ಗೀಸರಿನ ಸ್ವಿಚ್ಚು ಒತ್ತಿದ್ದೇ ತಡ, ಮನೆಯ ಫ್ಯಾನುಗಳೆಲ್ಲ ನಿಂತವು. ಹಾಲ್‌ನಲ್ಲಿ ಅವನ ಚಿಕ್ಕಪ್ಪ ಸರ್ವೋತ್ತಮ ರಾಯರನ್ನು ಮಲಗಿಸಿದ್ದ ಗಾಜಿನ ಐಸ್ ಪೆಟ್ಟಿಗೆ ಒಮ್ಮೆ ನಡುಗಿ ಸುಮ್ಮನಾಯಿತು. ಬೆನ್ನಿಗೇ ದೇವರ ಗೂಡಿನ ಕೆಳಗಿನಿಂದ ಪೀಂ, ಪೀಂ ಎಂಬ ಸದ್ದು ಶುರುವಾಯಿತು.

"ಪೆಟ್ಟಿಗೆಯದ್ದಾ ಅದು?"

"ಅಲ್ಲ. ಮೆಶಿನ್ನಿದ್ದು," ಎಂದರು ಪುಷ್ಪಾವತಿ. ಗಂಡ ತೀರಿಕೊಂಡ ನಿನ್ನೆ ಮಧ್ಯಾಹ್ನದಿಂದ ಗೋಡೆಗೆ ಒರಗಿ ಕೂತಿದ್ದವರು ಈಗ ಎದ್ದು ನಿಂತರು. "ಬ್ಯಾಟರಿಯಲ್ಲಿ ನಲವತ್ತು ನಿಮಿಷ ಓಡ್ತದೆ. ಅಷ್ಟರೊಳಗೆ ಕರೆಂಟ್ ಬರ್ಬೇಕು."

ಡೊಂಬಿವಲಿಯ ಆ ಕಟ್ಟಡಕ್ಕೆ ನಲವತ್ತೊಂದು ವರ್ಷ. ವೈರಿಂಗಿಗೂ ಅಷ್ಟೇ. ಐಸ್ ಪೆಟ್ಟಿಗೆ, ಗೀಸರು, ಬಂದವರಿಗೆ ಚಹಾ ಕಾಯಿಸುವ ಕೆಟಲು, ಮೂರನ್ನೂ ಒಟ್ಟಿಗೆ ಹೊರುವ ವಯಸ್ಸು ಅದರದ್ದಲ್ಲ; ಮೀಟರಿನ ಬಳಿಯೇ ಸುಟ್ಟು ಕಪ್ಪಾಗಿತ್ತು. ಎಲೆಕ್ಟ್ರಿಷಿಯನ್ ಫೋನಿನಲ್ಲಿ, ತಾನು ಬದಲಾಪುರದಲ್ಲಿದ್ದೇನೆ, ಮಧ್ಯಾಹ್ನ ಒಂದು ಗಂಟೆಗೆ ಮುಂಚೆ ಬರಲಾಗದು ಎಂದ. ಉಡುಪಿಯಿಂದ ಹೊರಟಿದ್ದ ಯೋಗೀಶನ ತಂದೆ ಮಧ್ವೇಶ ರಾಯರ ರೈಲು ದಾರಿಯಲ್ಲೆಲ್ಲೋ ನಿಂತು, ಬರುವುದು ಹನ್ನೆರಡಕ್ಕೆ ಎಂದಾಗಿತ್ತು. ಅಣ್ಣ ಮುಖ ನೋಡದೆ ತಮ್ಮನನ್ನು ಎತ್ತುವಂತಿರಲಿಲ್ಲ. ಈಗ ಒಂಬತ್ತೂಮುಕ್ಕಾಲು.

ಎದುರು ಮನೆಯ ಸೋನಾಲಿ ಬಾಗಿಲಿಗೆ ಬಂದಳು. "ಕಾಕೂ, ಮಾಝ್ಯಾಕಡೂನ್ ವಾಯರ್ ಘ್ಯಾ. ಪಣ್ ಏಕಚ್ ಚಾಲೇಲ್."

ತನ್ನ ಮನೆಯಿಂದ ವಯರು ಎಳೆದುಕೊಳ್ಳಬಹುದು, ಆದರೆ ಒಂದಕ್ಕೆ ಮಾತ್ರ. ಅವಳ ಅತ್ತೆಯ ಆಕ್ಸಿಜನ್ ಯಂತ್ರ ಅಲ್ಲಿ ಓಡುತ್ತಿತ್ತು. ಅಲ್ಲಿಯೂ ಫ್ಯೂಸ್ ಹೋದರೆ ಆ ಮಹಡಿಗೆ ಎರಡನೇ ಐಸ್ ಪೆಟ್ಟಿಗೆ ಬೇಕಾದೀತು.

ಯೋಗೀಶ ವಯರಿನ ತುದಿ ಹಿಡಿದು ಪೆಟ್ಟಿಗೆಯ ಕಡೆ ನಡೆದ.

"ಅದಕ್ಕಲ್ಲ ಯೋಗೀಶ. ಇದಕ್ಕೆ."

"ಎಂತ ಹೇಳ್ತೀರಿ ಚಿಕ್ಕಮ್ಮ! ಅಪ್ಪ ಬರುವಾಗ ಹನ್ನೆರಡು. ಈ ಸೆಕೆಗೆ..."

"ಅವರು ನಿನ್ನೆಯೇ ನಿಂತಾಯ್ತು. ಇದು ಇನ್ನೂ ನಿಂತಿಲ್ಲ."

ಕೂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದುಃಖದಲ್ಲಿ ಆಡಿದ ಮಾತು ಎಂದು ಬಿಡಬಹುದಿತ್ತು. ಆದರೆ ಆ ದನಿ ದುಃಖದ್ದಾಗಿರಲಿಲ್ಲ, ಬ್ಯಾಂಕಿನಲ್ಲಿ ತನ್ನ ಸರದಿ ಬಂತೆಂದು ಹೇಳುವವರದ್ದಾಗಿತ್ತು.

"ಹೋಟೆಲ್ ಇಟ್ಟವ ಅಲ್ವಾ ನೀನು? ಕಲ್ಯಾಣದಿಂದ ಐಸ್ ತರಿಸು. ಅವರಿಗೆ ಐಸ್ ಆಗ್ತದೆ. ಇದಕ್ಕೆ ಕರೆಂಟೇ ಬೇಕು."

ವಯರು ಸಿಕ್ಕಿಸುವ ಹೊತ್ತಿಗೆ ಪೀಂ ಎನ್ನುವುದು ಎಡೆಬಿಡದ ಒಂದೇ ಕೂಗಾಗಿತ್ತು. ಆದದ್ದು ಏಳು ನಿಮಿಷ. ನಲವತ್ತೆಂಬುದು ಬ್ಯಾಟರಿಯ ಯೌವನದ ಲೆಕ್ಕ. ಕೂಗು ನಿಂತು, ಹಸಿರು ದೀಪ ಮಿಣುಕುತ್ತಲೇ ಉಳಿಯಿತು.

*

ಮೆಶಿನ್ ಎಂದರೆ ಐರೋಲಿಯ ಕಂಪನಿಯೊಂದು ಗುಜರಿಗೆ ಹಾಕಿದ್ದ ಬೂದು ಬಣ್ಣದ ಕಂಪ್ಯೂಟರು. ಆ ಕಂಪನಿಯಲ್ಲಿ ಸರ್ವೋತ್ತಮ ರಾಯರು ಇಪ್ಪತ್ತಾರು ವರ್ಷ ಪ್ರೋಗ್ರಾಮು ಬರೆದಿದ್ದರು. ಬರೆದದ್ದು ಟೆಸೆಲ್ ಎಂಬ, ಹೆಚ್ಚಿನವರು ಹೆಸರೇ ಕೇಳದ ಕಂಪ್ಯೂಟರ್ ಭಾಷೆಯಲ್ಲಿ. ಅದನ್ನು ಕಟ್ಟಿದ ನಾರ್ವೆಯ ಪ್ರಾಧ್ಯಾಪಕರಿಗೆ ಒಂದು ದಿನ ಬೇಸರ ಬಂತು. ಕೈಪಿಡಿ, ಪಾಠಗಳು, ಇಪ್ಪತ್ತು ವರ್ಷಗಳ ಪ್ರಶ್ನೋತ್ತರ ಎಲ್ಲ ಇದ್ದ ವೆಬ್‌ಸೈಟನ್ನು ತಿಂಗಳ ಕೊನೆಗೆ ಮುಚ್ಚುತ್ತೇನೆಂದು ಎರಡು ಸಾಲು ಬರೆದರು. ಜಗತ್ತಿನ ನಾನಾ ಮೂಲೆಗಳಿಂದ ಮೂವತ್ತು ಮಂದಿ ಸಂತಾಪ ಸೂಚಿಸಿದರು. ಡೊಂಬಿವಲಿಯಿಂದ ಒಬ್ಬರು ಮಾತ್ರ, ನಾನು ಇಟ್ಟುಕೊಳ್ಳುತ್ತೇನೆ ಎಂದರು. ನಾಲ್ಕು ಭಾನುವಾರ ಕೂತು ಪುಟಪುಟವಾಗಿ ಇಳಿಸಿಕೊಂಡರು.

ಅದಾಗಿ ಹನ್ನೊಂದು ವರ್ಷ. ಅಂದಿನಿಂದ ಆ ವೆಬ್‌ಸೈಟು ಈ ಮೆಶಿನ್ನಿನಿಂದಲೇ ಓಡುತ್ತಿತ್ತು, ಇಂಟರ್ನೆಟ್ಟಿನ ರೂಟರೂ ಅದರ ಬ್ಯಾಟರಿಗೇ; ಮೆಶಿನ್ ಒಮ್ಮೆಯೂ ಆರಿರಲಿಲ್ಲ.

"ಹಳೇ ಡಿಸ್ಕು. ತಿರುಗ್ತಾ ಇದ್ರೆ ತಿರುಗ್ತದೆ. ನಿಂತರೆ ಮತ್ತೆ ಏಳುದಿಲ್ಲ," ಎಂದು ಹೆಂಡತಿಗೆ ಹೇಳಿದ್ದರು. ಹಾಗಾಗಿ ಇಬ್ಬರೂ ಒಟ್ಟಿಗೆ ಊರಿಗೆ ಹೋದದ್ದಿಲ್ಲ. ನಾಗರಪಂಚಮಿಗೆ ಅವರು, ನವರಾತ್ರಿಗೆ ಇವರು. ದೊಡ್ಡ ಕಂಪನಿಗಳ ಜಾಗದಲ್ಲಿ ಇಡಬಹುದಲ್ಲ ಎಂದು ಯಾರಾದರೂ ಕೇಳಿದರೆ, "ಅವರಿಗೂ ಒಂದು ದಿನ ಬೇಸರ ಬರ್ತದೆ ಮಾರಾಯ," ಎನ್ನುತ್ತಿದ್ದರು. ನಕಲು ಇಟ್ಟಿದ್ದ ಎರಡನೇ ಡಿಸ್ಕು ಕಳೆದ ಮಳೆಗಾಲದಲ್ಲಿ ಕೆಟ್ಟಿತ್ತು. ಕಣ್ಣಿನ ಆಪರೇಷನ್ ಆಗಲಿ, ಹೊಸತು ತರುವಾ ಎಂದಿದ್ದರು.

ಕಣ್ಣು ಮಂಜಾದ ಮೇಲೆ ಪ್ರಶ್ನೆಗಳನ್ನು ಪುಷ್ಪಾವತಿ ಓದುವುದು, ಅವರು ಹೇಳುವುದು, ಇವರು ಟೈಪ್ ಮಾಡುವುದು. ರೊಮೇನಿಯಾದವನೊಬ್ಬ ವರ್ಷಕ್ಕೆ ಮೂರು ಸಲ ಒಂದೇ ಪ್ರಶ್ನೆ ಕೇಳುತ್ತಿದ್ದ.

"ಇವನಿಗೆ ದೀಪಾವಳಿಗೇ ಹೇಳಿದ್ದಲ್ವಾ?"

"ಹೇಳಿದ್ದು ಹೌದು. ಅವನಿಗೆ ತಿಳಿದಿದೆ ಅಂತ ಯಾರು ಹೇಳಿದ್ದು? ಬರಿ. ಮೊದಲಿಗೆ, ಒಳ್ಳೆಯ ಪ್ರಶ್ನೆ ಅಂತ ಹಾಕು."

*

ಯೋಗೀಶನ ಮಗಳು ಅನುಷ್ಕಾ ಐರೋಲಿಯ ಐಟಿ ಪಾರ್ಕಿನಲ್ಲಿ ಕೆಲಸಕ್ಕಿದ್ದಳು. ಈ ಅಜ್ಜನ ಮೆಶಿನ್ನನ್ನು ಮ್ಯೂಸಿಯಂ ಎಂದು ನಗೆಯಾಡುತ್ತಿದ್ದವಳು ಈಗ ಅದರ ಮುಂದೆ ಕೂತಳು.

"ಅಜ್ಜಿ, ಬ್ಯಾಕಪ್ ಕಹಾಂ ಹೈ?"

"ಅದೂ ಸತ್ತಿದೆ."

ಹುಡುಗಿ ಬ್ಯಾಗಿನಿಂದ ತನ್ನ ಪುಟ್ಟ ಡಿಸ್ಕು ತೆಗೆದು ಜೋಡಿಸಿ ನಕಲು ಇಳಿಸತೊಡಗಿದಳು. "ಢಾಯೀ ಘಂಟೆ ಲಗೇಗಾ. ಛೋಟೇ ಛೋಟೇ ಫೈಲ್ ಹೈಂ, ಲಾಖೋಂ. ತಬ್ ತಕ್ ಬಂದ್ ನಹೀ ಹೋನಾ ಚಾಹಿಯೇ."

"ಹನ್ನೊಂದು ವರ್ಷ ಆರದ ಹಾಗೆ ನೋಡಿಕೊಂಡದ್ದು. ಎರಡೂವರೆ ಗಂಟೆ ನೋಡುವಾ."

ಕರ್ನಾಟಕ ಸಂಘದ ಕಾರ್ಯದರ್ಶಿ, ಧಾರವಾಡದ ಕಡೆಯ ಯಶ್ವಂತ್, ಹಾರ ತಂದರು. ಪೆಟ್ಟಿಗೆಯ ಮುಚ್ಚಳ ತೆಗೆದು ಸುತ್ತಲೂ ಐಸ್ ಗಡ್ಡೆ ಜೋಡಿಸುತ್ತಿದ್ದುದನ್ನು ನೋಡಿ, ವಿಷಯ ಕೇಳಿ ತಿಳಿದರು.

"ಆ ಭಾಷಾ ಎಷ್ಟ್ ಮಂದಿಗೆ ಬರ್ತದ್ರೀ ವೈನಿ?"

"ನಲವತ್ತು ಜನಕ್ಕೆ."

"ಬರೇ ನಲವತ್ತ?"

"ಇವತ್ತಿಗೆ ಮೂವತ್ತೊಂಬತ್ತು."

ಸಂಘದ ಸಭೆಗೆ ನಲವತ್ತು ಮಂದಿ ಸೇರಿದರೆ ಫೋಟೋ ತೆಗೆಸಿ ಪತ್ರಿಕೆಗೆ ಕಳಿಸುವ ಯಶ್ವಂತ್ ಹಾರ ಕೆಳಗಿಟ್ಟು ಐಸ್ ಜೋಡಿಸಲು ಕೈಹಾಕಿದರು.

ಅನುಷ್ಕಾ ಓದುತ್ತಾ ಹೋದಳು. ಪೋರ್ಚುಗಲ್‌ನಲ್ಲಿ ಸಮುದ್ರದ ಉಬ್ಬರ ಅಳೆಯುವವನಿಗೆ ಉತ್ತರ. ಚಿಲಿಯ ರಕ್ತನಿಧಿಯವಳಿಗೆ ಉತ್ತರ. ಯಾವುದೂ ಒಂದು ದಿನ ದಾಟಿರಲಿಲ್ಲ. "ಹಮಾರೇ ಆಫೀಸ್ ಮೇಂ ಚಾರ್ ದಿನ್ ಲಗತೇ ಹೈಂ," ಎಂದಳು ಯಾರಿಗೂ ಅಲ್ಲದಂತೆ; ಅವಳ ಆಫೀಸಿನಲ್ಲಿ ಒಂದು ಉತ್ತರಕ್ಕೆ ನಾಲ್ಕು ದಿನ. ಉತ್ತರವಿಲ್ಲದ ಪ್ರಶ್ನೆಗಳ ಸಂಖ್ಯೆ ತೋರಿಸುವ ಜಾಗದಲ್ಲಿ ಸೊನ್ನೆ ಇತ್ತು. ಅವಳು ನೋಡುತ್ತಿದ್ದಂತೆ ಒಂದಾಯಿತು.

"ಅಜ್ಜಿ, ರೊಮೇನಿಯಾ ಸೇ ಕೋಯೀ..."

ಪುಷ್ಪಾವತಿ ಸೆರಗಿಗೆ ಕೈ ಒರೆಸಿಕೊಂಡು ಕೀಬೋರ್ಡಿನ ಮುಂದೆ ಕೂತರು. ಹಾಲ್‌ನಲ್ಲಿ ಒಬ್ಬರು, ಸೂತಕದಲ್ಲಿ ಇದೆಲ್ಲ ಮಾಡಬಹುದೋ ಎಂದು ಮೆಲ್ಲಗೆ ವಿಚಾರಿಸಿದರು. ಯಾರಿಗೂ ಗೊತ್ತಿರಲಿಲ್ಲ, ಶಾಸ್ತ್ರದಲ್ಲಿ ಹಾಗೊಂದು ಸಂದರ್ಭ ಬಂದಿರಲಿಲ್ಲ. ಪುಷ್ಪಾವತಿ ಎರಡು ಬೆರಳಿನಲ್ಲಿ ಆರು ಸಾಲು ಟೈಪ್ ಮಾಡಿದರು. ಮೊದಲಿಗೆ, ಒಳ್ಳೆಯ ಪ್ರಶ್ನೆ ಎಂದು ಹಾಕಿದರು.

*

ಮಧ್ವೇಶ ರಾಯರು ಬಂದಾಗ ಹನ್ನೆರಡು ದಾಟಿತ್ತು. ತಮ್ಮನ ಹಣೆ ಮುಟ್ಟಿ, ಐಸಿನ ತಣುಪಿಗೆ ಬೆರಳು ಹಿಂತೆಗೆದು, ಮತ್ತೆ ಮುಟ್ಟಿದರು. ಬಳಿಕದ ವಿಧಿಗಳು ಬೇಗನೆ ಮುಗಿದು ಚಟ್ಟ ಸಿದ್ಧವಾಯಿತು. ಆಗ ಯೋಗೀಶನ ಕಣ್ಣಿಗೆ ವಯರು ಬಿತ್ತು. ಸೋನಾಲಿಯ ಬಾಗಿಲಿನಿಂದ ಹೊರಟು, ಮಹಡಿಯ ಓಣಿಗೆ ಅಡ್ಡಲಾಗಿ, ಮೊಣಕಾಲೆತ್ತರಕ್ಕೆ ಬಿಗಿದು ಹೊಸ್ತಿಲು ದಾಟಿ ಒಳಗೆ ಬಂದಿತ್ತು.

"ಎರಡು ನಿಮಿಷ ತೆಗಿಯುವಾ ಚಿಕ್ಕಮ್ಮ. ಯಾರಾದ್ರೂ ಎಡವಿದ್ರೆ?"

"ಎಷ್ಟಾಯ್ತು ಅನುಷ್ಕಾ?"

"ಎಯ್ಟಿ ಎಯ್ಟ್ ಪರ್ಸೆಂಟ್."

"ತೆಗೆಯುದು ಬೇಡ. ಆ ಬ್ಯಾಟರಿಯಲ್ಲಿ ಏನೂ ಉಳಿದಿಲ್ಲ."

ಯೋಗೀಶ ತಂದೆಯ ಕಡೆ ನೋಡಿದ. ಮಧ್ವೇಶ ರಾಯರು ಮೆಶಿನ್ನನ್ನೇ ನೋಡುತ್ತಿದ್ದರು.

"ಹನ್ನೊಂದು ವರ್ಷ ಇಬ್ರೂ ಒಟ್ಟಿಗೆ ಊರಿಗೆ ಬರ್ಲಿಲ್ಲ ಅಂತ ಬಯ್ತಿದ್ದೆ. ಇದಕ್ಕಾ?"

"ಇದಕ್ಕೇ ಭಾವ."

ಅವರು ಪಂಚೆಯನ್ನು ಎತ್ತಿ ಕಟ್ಟಿಕೊಂಡರು. "ಎಲ್ರೂ ಕಾಲು ನೋಡಿ ಇಡಿ," ಎಂದರು.

ಚಟ್ಟ ಹೊಸ್ತಿಲಿಗೆ ಬಂತು. ಸ್ಮಶಾನಕ್ಕೆ ಹೋಗದೆ ಮನೆಯಲ್ಲೇ ಉಳಿಯುವ ಪುಷ್ಪಾವತಿ ಬಾಗಿಲ ಪಕ್ಕ ನಿಂತಿದ್ದರು.

"ವಯರು," ಎಂದರು.

ಯೋಗೀಶ ಮೊಣಕಾಲೆತ್ತಿ ದಾಟಿದ. "ವಯರು." ಯಶ್ವಂತ್ ದಾಟಿದರು. ಚಟ್ಟದ ತುದಿ ಒಮ್ಮೆ ತಗ್ಗಿತು. ಒಳಗೆ ಅನುಷ್ಕಾ ಹಸಿರು ದೀಪ ನೋಡುತ್ತಿದ್ದಳು. "ಭಾವ, ವಯರು." ಮಧ್ವೇಶ ರಾಯರು ತಮ್ಮನ ಭಾರವನ್ನು ಹೆಗಲಿನಿಂದ ಕೈಗಿಳಿಸದೆ, ಮಳೆಗಾಲದ ತೋಡು ದಾಟುವವರಂತೆ ಮೊದಲು ಒಂದು ಬರಿಗಾಲು, ಆಮೇಲೆ ಇನ್ನೊಂದು ಎತ್ತಿ ಆಚೆ ಇಟ್ಟರು. ವಯರು ಅಲುಗಲಿಲ್ಲ.