ಕೊನೆಯ ದಿನ, ಒಂದು ಗಂಟೆಯೊಳಗೆ

ನ್ಯಾಯಾಧೀಶೆಯ ಕನ್ನಡಕದ ಮೇಲೆ ನೊಣ, ಎಮ್ಮೆಯಷ್ಟು ದಪ್ಪ ನೊಣ, ಆಕೆ ಓಡಿಸುವುದಿಲ್ಲ, ಕಾಗದ ಓದುತ್ತಾಳೆ, ತಿಪೆನೆಯನ್ನು ಜೈಲಿಗೆ ಕಳಿಸುವ ಕಾಗದ ತಾನೇ, ನಿಧಾನಕ್ಕೇ ಓದಲಿ — ನ್ಯೂಜಿಲೆಂಡಿನ ಅರ್ಧ ಸಮುದ್ರ ಬರಿದು ಮಾಡಿದವನು ತಿಪೆನೆ, ಕದ್ದ ಚಿಪ್ಪುಮೀನು ಹತ್ತು ಸಾವಿರ, ಅಧಿಕಾರಿಗಳು ನಾನೂರು ಅಂದರು, ಅವರಿಗೆ ಎಣಿಸಲು ಬರುವುದಿಲ್ಲ, ಅದಕ್ಕೇ ಒಂಬತ್ತು ತಿಂಗಳು ಮನೆಯಲ್ಲೇ ಬಂಧನ, ಕಾಲಿಗೆ ಹಡಗಿನ ಲಂಗರಿನಷ್ಟು ಭಾರದ ಪಟ್ಟಿ, ಬೇಲಿ ದಾಟಿದರೆ ಆಸ್ಟ್ರೇಲಿಯಕ್ಕೂ ಕೇಳಿಸುವಂತೆ ಕೂಗುತ್ತದೆ ಅಂತ ಫೋನಿನಲ್ಲಿ ಅಮ್ಮನಿಗೆ ಹೇಳಿದ್ದ, ನಿನ್ನ ಬಾಯಿಗಿಂತ ಜೋರಾಗೇನೋ ಅಂದಿದ್ದಳು, ಆ ಅಮ್ಮ ಬಂಧನ ಮುಗಿಯಲು ಮೂರೇ ದಿನ ಇರುವಾಗ, ಸೋಮವಾರ, ಹೋಗಿಬಿಟ್ಟಳು.

ಅಂತ್ಯಕ್ರಿಯೆ ಅಂದ್ರೆ ಎಷ್ಟೊತ್ತಪ್ಪ, ಗುರುವಾರ ಹತ್ತರಿಂದ ಒಂದು ಸಾಕಲ್ವಾ, ಒಂದು ಗಂಟೆಗೆ ಮನೇಲಿರ್ಬೇಕು, ತಡ ಆದ್ರೆ ಆದೇಶ ರದ್ದು, ಜೈಲು — ಬಂಧನದ ಮೇಲ್ವಿಚಾರಕ ಬ್ರೆಂಡನ್, ಒಳ್ಳೆಯವನೇ, ಅವನ ಕಡೆ ಸತ್ತವರನ್ನು ಮುಕ್ಕಾಲು ಗಂಟೆಯಲ್ಲಿ ಕಳಿಸಿಕೊಟ್ಟು ಚಹಾ ಕುಡಿಯುತ್ತಾರೆ, ನಮ್ಮ ಮಾವೊರಿಗಳಲ್ಲಿ ಮೂರು ದಿನ ಹೆಣವನ್ನು ಒಂಟಿ ಬಿಡುವುದಿಲ್ಲ, ಮಾತಾಡಿಸುತ್ತಾರೆ, ಬೈಯುತ್ತಾರೆ, ಹಾಡುತ್ತಾರೆ, ಕಟ್ಟಕಡೆಗೆ ಶವಪೆಟ್ಟಿಗೆಗೆ ಮುಚ್ಚಳ, ಅಮ್ಮ ಮೊದಲೇ ಹೇಳಿಟ್ಟಿದ್ದಳು, ತಲೆ ಕಡೆ ಅಕ್ಕ ಕಾಹು ಹಿಡೀಲಿ, ಕಾಲ ಕಡೆ ತಿಪೆನೆ, ಬೇರೆ ಯಾರೂ ಬೇಡ. ಹನ್ನೆರಡಕ್ಕೆ ಮುಚ್ಚುವುದೆಂದು ಎದ್ದರು, ಅಷ್ಟರಲ್ಲಿ ಉತ್ತರದಿಂದ ಬಸ್ಸು ಬಂತು, ಮೈಲುದ್ದದ ಬಸ್ಸು, ಸಾವಿರ ನೆಂಟರು, ಮತ್ತೆ ಸ್ವಾಗತದ ಕೂಗು, ಮತ್ತೆ ಭಾಷಣ, ಮುಚ್ಚಳ ಮತ್ತೆ ಗೋಡೆಗೆ ಒರಗಿತು, ಮನೆಗೆ ನಲವತ್ತು ನಿಮಿಷದ ದಾರಿ, ಕಾಹು ತೋಳು ಹಿಡಿದಳು, ಅಮ್ಮ ಇನ್ನೂ ಮುಖ ತೋರಿಸ್ಕೊಂಡು ಮಲಗಿದಾಳೆ ಎಲ್ಲಿಗೋ ಹೊರಟೆ, ಅಕ್ಕಾ ಮತ್ತೆ ಒಂಬತ್ತು ತಿಂಗಳು ಒಳಗೆ ಹಾಕ್ತಾರೆ ಕಣೆ, ಹೋಗು ಹಾಗಾದ್ರೆ, ಹೋಗು. ಅಲೆಗಳಿಗೆ ಹೆದರದವನು, ತಿಮಿಂಗಿಲವನ್ನು ಕಿವಿ ಹಿಡಿದು ತಿರುಗಿಸಿದವನು, ಹೊರಟುಬಿಟ್ಟ, ಹೊರಟವನು ಗೇಟಿನಾಚೆ ಕಾರಿನಲ್ಲೇ ಕೂತ, ಅರ್ಧ ಗಂಟೆ, ಇಳಿಯಲೂ ಇಲ್ಲ ಹೋಗಲೂ ಇಲ್ಲ, ಆಮೇಲೆ ಹೋದ, ಮನೆ ಮುಟ್ಟಿದ್ದು ಒಂದೂವರೆಗೆ, ಕಾರು ಕೆಟ್ಟಿತ್ತು ಬ್ರೆಂಡನ್, ಇಂಜಿನ್ನಿನಿಂದ ಬೆಂಕಿಯೇ ಬಂತು —

ಎದ್ದು ನಿಲ್ಲಿ, ಯಾರೋ ಮೊಣಕೈ ತಿವಿದರು. ನ್ಯಾಯಾಧೀಶೆ ಬ್ರೆಂಡನ್ ಕಡೆ ನೋಡುತ್ತಿದ್ದಾಳೆ, ಈ ಆದೇಶ ಆ ಗುರುವಾರವೇ ಮುಗಿದಿದೆ, ನಿಮ್ಮ ಅರ್ಜಿ ಬಂದಿದ್ದು ಆಮೇಲಿನ ಸೋಮವಾರ, ಮುಗಿದಿರೋದನ್ನ ರದ್ದು ಮಾಡೋ ಅಧಿಕಾರ ನನಗಿಲ್ಲ ಸ್ವಾಮಿ, ಅವತ್ತೇ ತಂದಿದ್ರೂ ಉಳಿದಿದ್ದು ಒಂದು ಸಂಜೆ, ಅದಕ್ಕೋಸ್ಕರ ಯಾರನ್ನ ಜೈಲಿಗೆ ಕಳಿಸ್ಲಿ, ನೀವು ಹೋಗಬಹುದು ತಿಪೆನೆ, ನಿಮ್ಮ ತಾಯಿ ವಿಷಯ ಕೇಳಿ ಬೇಜಾರಾಯ್ತು. ಒಂದು ಸಂಜೆ. ಒಂಬತ್ತು ತಿಂಗಳಲ್ಲ, ಒಂದು ಸಂಜೆ, ಕೇಳಿದ್ದರೆ ಯಾರಾದರೂ ಹೇಳುತ್ತಿದ್ದರು, ಕೇಳಲಿಲ್ಲ, ಬೆರಳು ಮಡಚಿದ್ದರೆ ಸಾಕಿತ್ತು, ಹತ್ತು ಸಾವಿರ ಎಣಿಸಿದವನಿಗೆ ಒಂದು ಎಣಿಸಲಾಗಲಿಲ್ಲ. ಹಿಂದಿನ ಬೆಂಚಿನಲ್ಲಿ ಕಾಹು, ಬಂದಿದ್ದಾಳೆ, ಆ ಗುರುವಾರ ರಾತ್ರಿ ಫೋನಿನಲ್ಲಿ ಮಾತಾಡಿದ್ದೇ ಕೊನೆ, ಯಾರನ್ನೂ ಮುಟ್ಟೋಕೆ ಬಿಡ್ಲಿಲ್ಲ ಕಣೋ, ನಿನ್ನ ತುದಿ ಅದು, ಮುಚ್ಚಳ ನಾನೊಬ್ಬಳೇ ಎತ್ತಿದೆ, ತಲೆ ಕಡೆ ಎತ್ತಿದ್ರೆ ಕಾಲ ಕಡೆ ನೆಲ ಕೆರೀತಿತ್ತು — ತಿಪೆನೆ ನಡೆಯಬೇಕು, ಬಾಗಿಲು ತೆರೆದಿದೆ, ಕಾಲಿನಲ್ಲಿ ಪಟ್ಟಿಯಿಲ್ಲ, ನಡೆಯಬೇಕು, ಕಾಲ ಕಡೆಯ ತುದಿ, ಮುಚ್ಚಳದ ಆ ತುದಿ, ನೆಲದ ಮೇಲೆ ಕೆರೆಯುತ್ತಾ