ಸೋಮಮ್ಮನ ಬೆರಳು ವರ್ಸಸ್ ಬಿಳಿ ಹಂಸ

೧

ಈ ಕಥೆಯ ಮೊದಲ ವಾಕ್ಯದ ಹುದ್ದೆಗೆ ನನ್ನ ಹತ್ತಿರ ಎರಡು ಅರ್ಜಿ ಬಂದಿವೆ. ಒಂದನೆಯದು: ‘ನೀಲಿ ಸರೋವರದಲ್ಲಿ ಬಿಳಿಯ ಹಂಸವೊಂದು ತೇಲುತ್ತಿತ್ತು.’ ನನಗೆ ಬಲು ಇಷ್ಟವಾದ ವಾಕ್ಯ. ಓದಿ ಹೇಳಿದೆ. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನ ಎದುರು ಹೂವು ಮಾರುವ, ಈ ಕಥೆಗೆ ನಾಯಕಿಯೂ ಆಗಿರುವ ಸೋಮಮ್ಮ, ಕಾಕಡ ಮೊಗ್ಗಿನ ಮೇಲೆ ನೀರು ಚಿಮುಕಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

“ಎಲ್ಲಪ್ಪಾ ನೀಲಿ? ಪಾಚಿ ಕಟ್ಕಂಡು ಅಸ್ರಾಗಿತ್ತು. ಅಂಸ ಅಂತೆ ಅಂಸ! ಫೈಬರ್ ಬೋಟು ಕಣಪ್ಪಾ. ಕೊಕ್ಕು ಬೇರೆ ಮುರ್ದೋಗಿತ್ತು.”

ಎರಡನೆಯದು: ‘ಸೋಮಮ್ಮನ ಬಲಗೈ ತೋರುಬೆರಳು ಹನೂರು ರಸ್ತೆಯ ಒಂದು ಕೆರೆಯಲ್ಲಿ ಹೋಯಿತು.’ ಇದಕ್ಕೆ ಅವಳದೇನೂ ತಕರಾರಿಲ್ಲ. ಆದ್ದರಿಂದ ಕಥೆ ಶುರುವಾಗಿದೆ ಎಂದು ಓದುಗರು ತಿಳಿಯತಕ್ಕದ್ದು.

೨

ಸೋಮಮ್ಮನ ಸ್ತ್ರೀಶಕ್ತಿ ಸಂಘದ ಹೆಂಗಸರೆಲ್ಲ ಟೆಂಪೋ ಮಾಡಿಕೊಂಡು ಬೋಟಿಂಗ್ ನೋಡಲು ಹೋಗಿದ್ದರು. ಐವತ್ತೆರಡು ವರ್ಷದಲ್ಲಿ ತನ್ನನ್ನು ಯಾರಾದರೂ ಕೂರಿಸಿ ಸುತ್ತಾಡಿಸುವುದು ಇದೇ ಮೊದಲು ಎಂದುಕೊಂಡು ಸೋಮಮ್ಮ ಹಂಸದೊಳಗೆ ಕೂತಳು. ಇಲ್ಲೂ ತಾನೇ ಪೆಡಲ್ ತುಳಿಯಬೇಕೆಂದು ಗೊತ್ತಾದಾಗ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಒಂದು ಸುತ್ತು ಮುಗಿಸಿ ದಡಕ್ಕೆ ಬಂದು, ಇಳಿಯಲೆಂದು ಬೋಟಿನ ಅಂಚಿಗೆ ಬಲಗೈ ಊರಿದಳು. ಹಿಂದಿನಿಂದ ಬಂದ ಮೋಟಾರ್ ಬೋಟಿನವನಿಗೆ ನಿಲ್ಲಿಸುವುದು ಸರಿಯಾಗಿ ಗೊತ್ತಿರಲಿಲ್ಲ. ಗುದ್ದಿದ. ಹಂಸ ಹೋಗಿ ಸಿಮೆಂಟಿನ ಮೆಟ್ಟಿಲಿಗೆ ಅಪ್ಪಳಿಸಿತು. ಗುದ್ದು ತಡೆಯಲು ಮೆಟ್ಟಿಲಿಗೆ ಒಂದು ಹಳೇ ಟೈರನ್ನೂ ಕಟ್ಟಿರಲಿಲ್ಲ. ನಡುವೆ ಇದ್ದದ್ದು ಸೋಮಮ್ಮನ ಕೈ. ಆಸ್ಪತ್ರೆಯಲ್ಲಿ ತೋರುಬೆರಳಿನ ಎರಡು ಗೆಣ್ಣು ತೆಗೆದರು. ನಡುಬೆರಳು ಉಳಿಯಿತು, ಮಡಚುವುದಿಲ್ಲ.

(ಇಲ್ಲಿ ರಕ್ತ, ನೀರು, ಸಂಜೆಯ ಸೂರ್ಯ ಇತ್ಯಾದಿಗಳ ಬಗ್ಗೆ ಒಂದು ಪುಟ ಇತ್ತು. “ನೋವಾಗಿದ್ದು ನಂಗೆ. ನಿಂಗ್ಯಾಕಪ್ಪಾ ಈಪಾಟಿ ಕಿರುಚಾಟ?” ಎಂದಳು. ಪುಟ ಹರಿದೆ.)

೩

ಯಳಂದೂರಿನ ವಕೀಲೆ ಯಶೋದ ಮೊದಲು ಕೇಳಿದ್ದು ಬೆರಳನ್ನಲ್ಲ, ಟಿಕೆಟ್ಟನ್ನು. ಪುಟ್ಟ ಪರ್ಸಿನಲ್ಲಿ ನೆಂದು ಒಣಗಿದ್ದ ಅದರ ಹಿಂಬದಿಯಲ್ಲಿ ಹೀಗೆ ಅಚ್ಚಾಗಿತ್ತು: ‘ಯಾವುದೇ ಅನಾಹುತಕ್ಕೆ ಆಡಳಿತದವರು ಜವಾಬ್ದಾರರಲ್ಲ. ಪ್ರಯಾಣ ಸುಖಕರವಾಗಿರಲಿ.’ (ಇಂಥ ಎರಡು ವಾಕ್ಯ ಅಕ್ಕಪಕ್ಕ ಇಡುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ.)

“ಇಂಗ್ ಬರ್ದವ್ರಲ್ಲ ಲಾಯರಮ್ಮ, ಅಂದ್ರೆ ತೆಪ್ಪು ನಂದೇನಾ?”

“ಬರ್ಕೊಂಡ ಮಾತ್ರಕ್ಕೆ ಬಚಾವಾಗಲ್ಲ ಅಕ್ಕ. ದುಡ್ಡು ಇಸ್ಕೊಂಡು ನೀರಿಗಿಳಿಸಿದ ಮೇಲೆ ದಡ ಸೇರಿಸೋದು ಅವರ ಕೆಲಸ. ಹತ್ತು ಬೆರಳಿನ ಸಮೇತ.”

ಬೋಟಿಂಗ್ ಮಾಲೀಕ ಶಿವಕುಮಾರಸ್ವಾಮಿಯ ಮೇಲೆ ಚಾಮರಾಜನಗರದ ಗ್ರಾಹಕರ ಆಯೋಗದಲ್ಲಿ ಕೇಸು ಬಿತ್ತು. ದೂರಿನ ಸಾರ ಒಂದೇ: ಅವರ ಬೇಜವಾಬ್ದಾರಿಯಿಂದ ಹೂ ಕಟ್ಟಿ ಬದುಕುವವಳ ಕೈ ಹೋಯಿತು, ಪರಿಹಾರ ಕೊಡಬೇಕು.

೪

ಎಲ್ಲ ಸರಿ, ಒಂದೇ ತೊಡಕು. ಹೂ ಕಟ್ಟಲಾರದ ಸೋಮಮ್ಮನ ಅಂಗಡಿಯಲ್ಲಿ ಕಟ್ಟಿದ ಹೂವು ಎಂದಿನಂತೆ ಮಾರಾಟವಾಗುತ್ತಲೇ ಇತ್ತು.

ಕಟ್ಟುತ್ತಿದ್ದವನು ಅವಳ ಗಂಡ ಕೆಂಪನಂಜಪ್ಪ. ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವನು. ಹರೆಯದಲ್ಲಿ ಕುಸ್ತಿ ಆಡಿದವನು. ಜನ ಇವತ್ತಿಗೂ ‘ಪೈಲ್ವಾನ್ರೇ’ ಎಂದೇ ಮಾತಾಡಿಸುವುದು. ಆಸ್ಪತ್ರೆಯಿಂದ ಬಂದ ವಾರ, ಬಿಡಿ ಮೊಗ್ಗುಗಳನ್ನು ಮುಂದಿಟ್ಟುಕೊಂಡು ಹೆಂಡತಿ ಅಳುತ್ತ ಕೂತಿದ್ದನ್ನು ನೋಡಿ ಅವನು ಬಾಗಿಲು ಮುಚ್ಚಿದ, ಚಿಲಕ ಹಾಕಿದ, ಎದುರು ಕೂತ.

“ಏಳ್ಕೊಡು,” ಎಂದ.

ಮೊದಲ ದಿನ ಮೊಗ್ಗೆಲ್ಲ ಪಚ್ಚಡಿ. “ಎರಡು ಅತ್ಲಾಗೆ, ಎರಡು ಇತ್ಲಾಗೆ, ಸುತ್ತು, ಎಳಿ,” ಎಂದು ಅವಳು ಹೇಳುವುದು, ಅವನು ಕಟ್ಟುವುದು. ಮೂರು ತಿಂಗಳಲ್ಲಿ ಕೈ ಕುದುರಿತು. ದಿನಾ ಮಧ್ಯಾಹ್ನ ಊಟಕ್ಕೆ ಬಂದವನು ಚಿಲಕ ಹಾಕುವುದನ್ನು ಕಂಡು ಬೀದಿಯವರು ಬೇರೇನೋ ಅಂದುಕೊಂಡು ನಗುತ್ತಿದ್ದರು. ಆ ಗುಮಾನಿಯಿಂದ ಅವನಿಗೇನೂ ಬೇಜಾರಿರಲಿಲ್ಲ. ನಿಜ ತಿಳಿದರೆ ಮಾತ್ರ ಕಷ್ಟ.

“ನಾನು ಊ ಕಟ್ತೀನಿ ಅಂತ ಒಂದು ನರಪಿಳ್ಳೆಗೆ ಗೊತ್ತಾದ್ರೂ ಗಿರಣಿಗೆ ಓಗಾಕಾಗಲ್ಲ ಕಣಮ್ಮಿ. ಮಾದಪ್ಪನ ಮೇಲೆ ಆಣೆ ಮಾಡು.”

ಮಾಡಿದಳು. ಯಶೋದ ಕೇಳಿದಾಗಲೂ “ಯಾರೋ ಕಟ್ಕೊಡ್ತಾರೆ” ಎಂದು ತೇಲಿಸಿಬಿಟ್ಟಿದ್ದಳು.

೫

ಆಯೋಗದಲ್ಲಿ ಸಾಮಾನ್ಯವಾಗಿ ಎಲ್ಲ ಕಾಗದದ ಮೇಲೆಯೇ ಮುಗಿಯುತ್ತದಂತೆ. ಎದುರು ವಕೀಲರು ಮಾತ್ರ ಪಾಟೀಸವಾಲು ಮಾಡಲೇಬೇಕೆಂದು ಹಟ ಹಿಡಿದು ಅನುಮತಿ ಪಡೆದರು. ಸೋಮಮ್ಮ ನಿಂತಳು. ವಕೀಲರು ಕವರಿನಿಂದ ಒಂದು ಮಲ್ಲಿಗೆ ಹಾರ ತೆಗೆದು ಮೇಲೆತ್ತಿ ಹಿಡಿದರು.

“ಇವತ್ತು ಬೆಳಿಗ್ಗೆ ನಿಮ್ಮ ಅಂಗಡೀಲೇ ತಗೊಂಡಿದ್ದು. ಹೌದಾ?”

“ಊಂ ಸಾ.”

“ಯಾರು ಕಟ್ಟಿದ್ದು?”

“ನಾನ್ ಕಟ್ಟಿಲ್ಲ ಸಾ.”

“ಮತ್ಯಾರು?”

ಸೋಮಮ್ಮ ಹಿಂದಿನ ಬೆಂಚಿನಲ್ಲಿ ಕೂತಿದ್ದ ಗಂಡನನ್ನು ನೋಡಿದಳು. ಅವನು ಫ್ಯಾನು ನೋಡುತ್ತಿದ್ದ.

“ಏಳಾಕಾಗಲ್ಲ ಸಾ. ಆಣೆ ಅದೆ.”

“ಆಣೆಯಂತೆ! ದಯವಿಟ್ಟು ಇದು ದಾಖಲಾಗಲಿ,” ಎಂದರು ವಕೀಲರು ಖುಷಿಯಿಂದ.

೬

ಇಲ್ಲಿ ನನ್ನ ಎರಡು ಡ್ರಾಫ್ಟು ಕಸದ ಬುಟ್ಟಿ ಸೇರಿದವು.

ಅ) ‘ಮೈಸೂರಿಂದ ಕಟ್ಟಿದ ಹೂ ತರಿಸ್ತೀನಿ’ ಎಂದು ಸೋಮಮ್ಮ ಸುಳ್ಳು ಹೇಳುತ್ತಾಳೆ. (ವಕೀಲರು ಬಿಲ್ಲು ಕೇಳುತ್ತಾರೆ. ಕೇಸೂ ಕಥೆಯೂ ಒಟ್ಟಿಗೆ ಮುಗಿಯುತ್ತವೆ.)

ಆ) ಕೆಂಪನಂಜಪ್ಪ ಸಿಡಿದೆದ್ದು, ‘ನಿಲ್ಲಿಸಿ! ಕಟ್ಟಿದ್ದು ನಾನು!’ ಎನ್ನುತ್ತಾನೆ. ಹಿನ್ನೆಲೆಯಲ್ಲಿ ತಮಟೆ.

“ಎದ್ದಿದ್ದು ದಿಟ,” ಎಂದಳು ಸೋಮಮ್ಮ. “ಎದ್ದು ಆಚ್ಗೋದ್ರು.”

“ಯಾಕೆ?”

“ಬೀಡಿ ಸೇದಾಕೆ.”

ಬಾಗಿಲಿನಾಚೆ ಮರೆಯಾದ ಆ ಅಗಲ ಬೆನ್ನನ್ನು ನೋಡಿದಾಗ, ಬೆರಳು ಹೋದ ದಿನವೂ ಆಗದಷ್ಟು ಒಂಟಿತನ ಅವಳಿಗಾಯಿತು. ವಾಪಸಾಗುವಾಗ ಬಸ್ಸಿನಲ್ಲಿ ಅವನು ಕಡಲೇಕಾಯಿ ಪೊಟ್ಟಣ ತಂದುಕೊಟ್ಟ. ಅವಳು ಅದನ್ನು ಹಾಗೇ ಪಕ್ಕದ ಸೀಟಿನ ಅಪರಿಚಿತ ಹೆಂಗಸಿನ ಕೈಗಿಟ್ಟಳು. ಯಳಂದೂರಿನಲ್ಲಿ ಇಳಿಯುತ್ತ ಯಶೋದ, “ಇನ್ನೊಂದು ಡೇಟ್ ಇದೆ,” ಎಂದಷ್ಟೇ ಹೇಳಿದಳು. ಇಬ್ಬರಿಗೂ ಕೇಳುವ ಹಾಗೆ.

೮

(೭ನೆಯದನ್ನು ಕೆಂಪನಂಜಪ್ಪನ ಮನಸ್ಸಿನೊಳಗೆ ಹೊಕ್ಕು ಬರೆಯಬೇಕೆಂದಿದ್ದೆ. ಚಿಲಕ ತೆಗೆಯಲಿಲ್ಲ.)

ನಾಲ್ಕು ದಿನ ಅವನು ಕಟ್ಟಿದ, ಅವಳು ಬಾಯಿ ಬಿಡಲಿಲ್ಲ. ಹೇಳಿಕೊಡುವವರಿಲ್ಲದೆ ಹಾರಗಳು ಸೊಟ್ಟಗಾದವು. ಐದನೆಯ ದಿನ ಅವನು ಗಿರಣಿಗೆ ರಜೆ ಹಾಕಿ, ಒಬ್ಬನೇ ಯಳಂದೂರಿನ ಬಸ್ಸು ಹತ್ತಿ, ಯಶೋದಳ ಮೇಜಿನ ಮುಂದೆ ನಿಂತ.

“ನನ್ ಸಾಕ್ಷಿ ಬರ್ಕೊಳಿ ಮೇಡಮ್ಮು. ಆದ್ರೆ ಊ ಕಟ್ತೀನಿ ಅಂತ ಬರೀಬ್ಯಾಡಿ.”

ಯಶೋದಳಿಗೆ ಗುಟ್ಟು ತಿಳಿದದ್ದು ಆಗಲೇ. “ಮತ್ತೇನಂತ ಬರೀಲಿ?”

ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದ. “ಟೆಕ್ನಿಕಲ್ ಸಪೋರ್ಟು ಅಂತ ಆಕಿ.”

ಅವಳು ನಗು ನುಂಗಿಕೊಂಡಳು. “ಅದೇನು ಟೆಕ್ನಿಕಲ್ಲು ಅಂತ ಕೇಳೇ ಕೇಳ್ತಾರೆ. ಆಗ ಇನ್ನೂ ಜೋರಾಗಿ ನಗ್ತಾರೆ.”

ಅವನು ಬಹಳ ಹೊತ್ತು ಮೀಸೆ ಸವರುತ್ತ ನಿಂತ. “ಸರಿ, ಊ ಅಂತ್ಲೇ ಬರೀರಿ. ವಸಿ ಸಣ್ಣಕ್ಸರದಲ್ಲಿ.”

೯

“ಈ ಬೆರಳಲ್ಲಿ ಮಲ್ಲಿಗೇನಾ?” ಎದುರು ವಕೀಲರು ಕೆಂಪನಂಜಪ್ಪನ ಕೈ ನೋಡಿ ಕೇಳಿದರು. “ಎಲ್ಲಿ, ಕಟ್ಟಿ ತೋರಿಸಿ.”

ಯಶೋದ ಮೊಗ್ಗು, ದಾರ ಎಲ್ಲ ತಂದೇ ಇದ್ದಳು. ಪೈಲ್ವಾನ ನೆಲದ ಮೇಲೆ ಕೂತು ಕಾಲಿನ ಹೆಬ್ಬೆರಳಿಗೆ ದಾರ ಸುತ್ತಿಕೊಂಡ. ವರಾಂಡದಲ್ಲಿದ್ದವರೆಲ್ಲ ಬಾಗಿಲಿಗೆ ಮುತ್ತಿಕೊಂಡರು. ನಾಲ್ಕು ಮೊಗ್ಗು ಜಜ್ಜಿಹೋದವು. ಯಾರೋ ಕಿಸಕ್ಕೆಂದರು. ಅವನ ಕತ್ತು ಕೆಂಪಾಯಿತು.

“ಎರಡು ಅತ್ಲಾಗೆ,” ಎಂದಳು ಸೋಮಮ್ಮ ಬೆಂಚಿನಿಂದ.

ಅವನು ಎರಡು ಹೊಸ ಮೊಗ್ಗು ಎತ್ತಿಟ್ಟ.

“ಎರಡು ಇತ್ಲಾಗೆ. ಸುತ್ತು. ಎಳಿ.”

“ಅಬ್ಜೆಕ್ಷನ್! ಸಾಕ್ಷಿಗೆ ಹೇಳಿಕೊಡ್ತಾ ಇದಾರೆ!”

ಆಯೋಗದ ಅಧ್ಯಕ್ಷೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹೇಳಿಕೊಡಲಿ ಬಿಡಿ. ನಮಗೆ ಗೊತ್ತಾಗಬೇಕಾಗಿದ್ದೂ ಅದೇ ಅಲ್ವಾ?”

ಒಂದು ಮೊಳ ಮುಗಿಯುವವರೆಗೆ ಅವಳು ಹೇಳಿದಳು, ಅವನು ಕಟ್ಟಿದ.

೧೦

ಆದೇಶ ಬಂತು. ಟೈರು ಕಟ್ಟದೆ ಇದ್ದದ್ದು, ಓಡಿಸಲು ಬಾರದವನ ಕೈಗೆ ಮೋಟಾರ್ ಬೋಟು ಕೊಟ್ಟದ್ದು ಮಾಲೀಕರ ತಪ್ಪು. ಟಿಕೆಟ್ಟಿನ ಹಿಂಬದಿಗೆ ಬೆಲೆಯಿಲ್ಲ. ಸೋಮಮ್ಮನಿಗೆ ಪರಿಹಾರ ಕೊಡತಕ್ಕದ್ದು. ಶಿವಕುಮಾರಸ್ವಾಮಿ ಬೆಂಗಳೂರಿಗೆ ಮೇಲ್ಮನವಿ ಹಾಕಿಕೊಂಡಿದ್ದಾರೆ. ಕಥೆ ಮುಗಿಯದಿರುವುದಕ್ಕೆ ನಾನೊಬ್ಬನೇ ಕಾರಣನಲ್ಲ ಎಂದು ಇದರಿಂದ ಸಾಬೀತಾಗುತ್ತದೆ.

ಗಿರಣಿಯಲ್ಲಿ ಎರಡು ದಿನ ಕೆಂಪನಂಜಪ್ಪನನ್ನು ಗೋಳುಹೊಯ್ದುಕೊಂಡರು. ಮೂರನೆಯ ದಿನ ಮೇಸ್ತ್ರಿ ಪಕ್ಕಕ್ಕೆ ಕರೆದು ಮಗಳ ಮದುವೆಗೆ ಹಾರ ಬೇಕೆಂದ. ಕೆಂಪನಂಜಪ್ಪ ಈಗ ಬಸ್‌ಸ್ಟ್ಯಾಂಡಿನಲ್ಲಿ ಎದೆಯುಬ್ಬಿಸಿ ಕೂತು ಕಟ್ಟುತ್ತಾನೆ ಎಂದು ಬರೆದಿದ್ದೆ. ಹೊಡೆದುಹಾಕಿದೆ. ಅವನು ಕಟ್ಟುವುದು ಈಗಲೂ ಮನೆಯಲ್ಲೇ. ಆದರೆ ಆದೇಶದ ಒಂದು ಪುಟವನ್ನು ಮಾತ್ರ ಲ್ಯಾಮಿನೇಟ್ ಮಾಡಿಸಿದ್ದಾನೆ. ‘ಆಯೋಗದ ಸಮ್ಮುಖದಲ್ಲಿ ಸಾಕ್ಷಿಯು ಕಟ್ಟಿದ ಹೂಮಾಲೆಯು ಅಚ್ಚುಕಟ್ಟಾಗಿತ್ತು’ ಎಂಬ ಸಾಲಿರುವ ಪುಟ.

ಸೋಮಮ್ಮನಿಗೆ ಆ ಸಾಲು ಕಂಡರೆ ಮೈಯೆಲ್ಲ ಉರಿ.

“ಅಚ್ಚುಕಟ್ಟಾ? ಮೂರ್ನೇ ಗಂಟು ಸಡ್ಲ ಇತ್ತು. ಲಾಯರಮ್ಮಂಗೆ ಏಳಿವ್ನಿ, ಇದ್ಕೂ ಒಂದ್ ಅಪೀಲ್ ಆಕು ಅಂತ.”

“ಲೇ, ಜಡ್ಜೇ ಬರ್ದವ್ರೆ ಕಣಮ್ಮಿ.”

“ಜಡ್ಜಮ್ಮ ಊ ಕಟ್ಟವ್ರಾ? ಮೂವತ್ತೊರ್ಸ ಕಟ್ಟಿದ್ದು ನಾನು.” ಅವಳ ದನಿ ಸ್ವಲ್ಪ ಒಡೆಯಿತು. ಅವನು ಲ್ಯಾಮಿನೇಟ್ ಪುಟವನ್ನು ಪಕ್ಕಕ್ಕಿಟ್ಟ.

ಆಮೇಲೆ ಅವಳು ಮೂಗು ಒರೆಸಿಕೊಂಡು ನನ್ನತ್ತ ತಿರುಗಿದಳು. “ಸಡ್ಲ ಅಂತ್ಲೇ ಬರಿಯಪ್ಪಾ ನೀನು.”

“ಅಚ್ಚುಕಟ್ಟು ಅಂತ ಬರೀರಿ ಸಾ, ದಾಖಲೆ ಅದೆ,” ಎಂದ ಅವನು.

ಮೇಸ್ತ್ರಿಯ ಮಗಳ ಹಾರ ಅರ್ಧವಾಗಿದೆ. ದಾರದ ತುದಿಯನ್ನು ನನ್ನ ಕೈಗೆ ಕೊಟ್ಟು ಇಬ್ಬರೂ ಜಗಳಕ್ಕೆ ನಿಂತಿದ್ದಾರೆ. ಕೊನೆಯ ಗಂಟು ಹಾಕಲು ನನಗೆ ಬರುವುದಿಲ್ಲ. ಬಿಟ್ಟರೆ ಅಷ್ಟೂ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಹಿಡಿದುಕೊಂಡು ಕೂತಿದ್ದೇನೆ.