ಪ್ರೊಫೆಸರ್ ಲಿಜೋ ಕುರಿಯನ್

ಲಿಜೋನ ಹೆಸರಿನಲ್ಲಿ ಇಮೇಲ್ ಬಂದಿದೆ, ಬೆಳಿಗ್ಗೆ ಏಳು ಹತ್ತಕ್ಕೆ, ಅವನನ್ನು ಮಣ್ಣು ಮಾಡಿ ಇನ್ನೂ ಒಂದು ದಿನ ತುಂಬಿಲ್ಲ – ಅಂಗಳದಲ್ಲಿ ಚಪ್ಪರದ ಕಂಬ ಕೀಳುತ್ತಿದ್ದಾರೆ, ಮೀನಿನವನು ಎಂದಿನಂತೆ ಕೂಗುತ್ತ ಹೋದ, ಹೋಗಲಿ, ಊರಿಗೆಲ್ಲ ಎಂದಿನ ಬೆಳಗು, ಅವನ ಹೆಂಡತಿ ನಿಮ್ಮಿಗೆ ಮಾತ್ರ ಪರದೆಯ ಮೇಲಿನ ಈ ಒಂದು ಸಾಲು. ವಿಷಯ: ನಿನಗೆ ಹೇಳದೆ ಉಳಿದದ್ದು. ಹೇಳದೆ ಉಳಿಸಿಕೊಂಡವಳು ಅವಳು, ಬೈಕ್ ಹತ್ತುತ್ತ ಬರ್ತೀನಿ ಕಣೇ ಎಂದವನಿಗೆ ಮುಖ ಕೊಟ್ಟಿರಲಿಲ್ಲ, ಯಾವ ಜಗಳಕ್ಕೆ ಎಂದು ಈಗ ನೆನಪೂ ಇಲ್ಲ, ಆಮೇಲೆ ಲಾರಿ, ಆಮೇಲೆ ಪೆಟ್ಟಿಗೆಯಲ್ಲಿ ಬಿಳಿ ಕೈಗವಸು ತೊಟ್ಟ ಬೆರಳುಗಳು. ತೆಗಿ ನಿಮ್ಮಿ, ಏನು ನೋಡ್ತಾ ಕೂತಿದ್ದೀಯ, ಬೆನ್ನ ಹಿಂದೆ ಭಾವ ಟೋಮಿಚ್ಚನ್, ಮೊದಲೇ ಬರೆದಿಟ್ಟಿರ್ತಾನೆ, ಈಗ ಬಂದಿದೆ. ತೆಗಿ ಮೋಳೆ, ತೆಗಿ ಮಗಳೇ, ನನ್ನ ಮಗ ಏನೋ ಹೇಳ್ತಿದ್ದಾನೆ, ಇದು ಅಮ್ಮಚ್ಚಿ. ತೆಗೆದರೆ ಅವನಿರಬಹುದು, ಇಲ್ಲವೆ ಈ ಕಂಪ್ಯೂಟರಿನೊಳಗೆ ಉಳಿದಿರುವ ಅವನ ದನಿ, ಅವನ ಫೋಟೊಗಳು ಯಾವನೋ ಕಳ್ಳನ ಪಾಲಾಗಬಹುದು. ಒತ್ತಬೇಡ ಕಣೇ, ಲಿಜೋ ತನ್ನ ತೋರುಬೆರಳನ್ನು ಮೌಸಿನಿಂದ ಮೇಲೆತ್ತಿ ಹಿಡಿದು ಕಲಿಸಿದ್ದ, ಬಾಣಾನ ಹೆಸರಿನ ಮೇಲೆ ಸುಮ್ನೆ ನಿಲ್ಸು, ನಿಜವಾದ ವಿಳಾಸ ತಾನೇ ಹೊರಗೆ ಬರುತ್ತೆ, ಕದ ತೆಗೀದೆ ಕಿಟಕೀಲಿ ಯಾರು ಅಂತ ನೋಡಲ್ವಾ, ಹಾಗೆ. ಹೆಸರು. ಪ್ರೊಫೆಸರ್ ಲಿಜೋ ಕುರಿಯನ್. ಅವನು ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಸಹಾಯಕ, ಯಾರಾದರೂ ಸಾರ್ ಎಂದರೂ ತಿದ್ದುತ್ತಿದ್ದವನು – ಪ್ರೊಫೆಸರ್ ಆದದ್ದು ನಿನ್ನೆ, ಪತ್ರಿಕೆಯ ಮರಣದ ಪುಟದಲ್ಲಿ, ಟೋಮಿಚ್ಚನ್ ಕೊಟ್ಟ ಜಾಹೀರಾತಿನಲ್ಲಿ, ಲ್ಯಾಬ್ ಅಸಿಸ್ಟೆಂಟ್ ಅಂತ ಹಾಕಿದ್ರೆ ಮಣ್ಣಿಗೆ ಪಳ್ಳಿಗೆ ಯಾರು ಬರ್ತಾರೆ ನಿಮ್ಮಿ, ಅಂದಿದ್ದ, ಗಲ್ಫಿನ ನೆಂಟರು ಸಂತಾಪ ಕಳಿಸಲಿ ಎಂದು ಕೆಳಗೆ ಅವಳ ಇಮೇಲ್ ವಿಳಾಸವನ್ನೂ ಹಾಕಿಸಿದ್ದ. ಬಾಣ ನಿಲ್ಲಿಸಿದಳು. ಯಾರದೂ ಅಲ್ಲದ ಅಕ್ಷರ, ಅಂಕಿಗಳ ಉದ್ದ ಸಾಲು ಬಿಚ್ಚಿಕೊಂಡಿತು. ನಿಮ್ಮ ಜಾಹೀರಾತಿನ ಪ್ರೊಫೆಸರ್ ಬರೆದದ್ದು, ಚೇಟ್ಟಾಯಿ, ಭಾವನತ್ತ ತಿರುಗಿದಳು, ನನ್ನ ಗಂಡ ಅಲ್ಲ. ಅಳಿಸಿದಳು. ಅಯ್ಯೋ, ಓದದೇನೇ, ಅಮ್ಮಚ್ಚಿಯ ದನಿ ಒಡೆಯಿತು, ಒಡೆಯಲಿ, ನನಗೂ ಓದಬೇಕಿತ್ತು. ಮೌಸಿನ ತಂತಿ ಎಳೆದು ಸುತ್ತಿದಳು, ಟೋಮಿಚ್ಚನ್ನದೇ ಅದು, ತಮ್ಮ ಮನೆಯದು ಕೆಟ್ಟಾಗ ಎರಡು ದಿನಕ್ಕೆ ಅಂತ ಲಿಜೋ ತಂದದ್ದು. ತಗೊಳ್ಳಿ. ಇರ್ಲಿ ಬಿಡು, ಈಗೇನು ಅವಸರ. ತಗೊಳ್ಳಿ. ಅವನ ಅಂಗೈಯಲ್ಲಿಟ್ಟಳು, ಅದಿನ್ನೂ ಅವಳ ಕೈಯ ಬಿಸಿಯಲ್ಲಿತ್ತು, ಮೌಸಿದ್ದ ಜಾಗ ಖಾಲಿ, ಅದರ ಮೇಲೆ ಗಾಳಿಯಲ್ಲಿ ಒಂದು ತೋರುಬೆರಳು, ಬಿಳಿ ಗವಸು ತೊಟ್ಟದ್ದು, ಮೇಲೆತ್ತಿದ್ದು, ಒತ್ತದೆ –